ತೊಟ್ಟಿಲ ಗೆರೆ

ಆದಿಕವಿ ಪಂಪನ ತಾಯಿಯ ಹೆಸರು ಅಬ್ಬಣಬ್ಬೆ. ಆಕೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಈ ಸಂಗತಿ ಕನ್ನಡಿಗರಿಗೆ ತಿಳಿದುಬಂದದ್ದು ಪಂಪನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರ್ಕ್ಯಾಲದ ಬಳಿ ಬೆಟ್ಟದ ಬಂಡೆಯಲ್ಲಿ ಬರೆಯಿಸಿದ ಶಾಸನದಿಂದ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಿರುವ ಆ ಶಾಸನ ಸಿಗದೆ ಹೋಗಿದ್ದರೆ ಕನ್ನಡದ ಮೊದಲ ಮಹಾಕವಿಗೆ ತಂದೆಯ ಕಡೆಯ ವಂಶಾವಳಿ ಮಾತ್ರ ಉಳಿಯುತ್ತಿತ್ತು. ತಾಯಿಯ ತವರು ಕಾಣೆಯಾಗಿರುತ್ತಿತ್ತು. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಬರುವ ರೂಢಿಯನ್ನು ನೆನೆದು, ಪಂಪನು ಅಣ್ಣಿಗೇರಿಯಲ್ಲಿಯೇ ಹುಟ್ಟಿರಬೇಕೆಂದು ಊಹಿಸುವವರಿದ್ದಾರೆ. ಊಹೆ ನಿಲ್ಲಲಿ ಬಿಡಲಿ, ಅಣ್ಣಿಗೇರಿಯವರಿಗೆ ಅದು ತಮ್ಮ ಮನೆಯ ಮಾತು. ಊರಿನ ಯಾವ ಶಾಲೆಯ ಹುಡುಗನನ್ನು ಕೇಳಿದರೂ ಪಂಪ ತಮ್ಮೂರ ಮಗಳ ಮಗನೆಂದು ಹೇಳುತ್ತಾನೆ.

ಅಂಥದೊಂದು ಶಾಲೆಯಲ್ಲಿ ಇಪ್ಪತ್ತೈದು ವರ್ಷಗಳಿಂದ ಚಿತ್ರಕಲೆ ಕಲಿಸುತ್ತಿರುವ ಮಾಸ್ತರರೊಬ್ಬರು ಒಂದು ದಸರಾ ರಜೆಯಲ್ಲಿ ಮೂರು ದಿನಗಳ ಮಟ್ಟಿಗೆ ಹುಬ್ಬಳ್ಳಿಗೆ ಹೊರಟರು. ಹೆಗಲಲ್ಲಿ ಚೀಲ, ಚೀಲದಲ್ಲಿ ಚಿತ್ರದ ಪುಸ್ತಕ ಮತ್ತು ನಾಲ್ಕು ಪೆನ್ಸಿಲ್ಲು. ಕಂಕುಳಲ್ಲಿ ಹಳೆಯ ನವಲಗುಂದದ ಜಮಖಾನೆಯಲ್ಲಿ ಸುತ್ತಿದ, ಸುಮಾರು ಎರಡೂವರೆ ಅಡಿ ಉದ್ದದ ಒಂದು ಹಲಗೆ. ಬಸ್ಸಿನಲ್ಲಿ ಪಕ್ಕ ಕುಳಿತವರು ಅದೇನೆಂದು ಕೇಳಿದಾಗ ಅವರು ‘ತೊಟ್ಟಿಲ ಹಲಗಿ’ ಎಂದರು. ಕೇಳಿದವರು ಹಿರಿಯರು; ‘ಕಲಘಟಗೀದೇನ್ರಿ?’ ಎಂದು ಮುಟ್ಟಿ ನೋಡಿದರು. ಧಾರವಾಡ ಸೀಮೆಯಲ್ಲಿ ಆ ಎರಡು ಮಾತುಗಳು ಈಗಲೂ ಒಟ್ಟೊಟ್ಟಿಗೇ ಬರುತ್ತವೆ.

ಮಾಸ್ತರರ ತಾಯಿ ಕಲಘಟಗಿ ಕಡೆಯವರು. ಎರೆಭೂಮಿಯ ಅಣ್ಣಿಗೇರಿಗೂ ಮಲೆನಾಡಿನ ಸೆರಗಿನ ಕಲಘಟಗಿಗೂ ನಡುವೆ ಹುಬ್ಬಳ್ಳಿ. ಒಂದು ಕಡೆ ಕಡಲೆ, ಜೋಳ, ಹತ್ತಿ. ಇನ್ನೊಂದು ಕಡೆ ಭತ್ತ ಮತ್ತು ಕಾಡು. ಆ ಕಾಡಿನ ಸಾಗವಾನಿಯಿಂದಲೇ ಕಲಘಟಗಿಯ ತೊಟ್ಟಿಲು ಹುಟ್ಟಿತು. ಮೊದಲ ಮಗುವನ್ನು ತೊಟ್ಟಿಲ ಸಮೇತ ತವರಿನಿಂದ ಕಳುಹಿಸುವ ಪದ್ಧತಿಯಂತೆ ಮಾಸ್ತರರ ತಾಯಿಯೂ ಚಕ್ಕಡಿಯಲ್ಲಿ ಅದನ್ನು ತಂದಿದ್ದರು. ಅದರಲ್ಲಿ ಮಾಸ್ತರರು ಮಲಗಿದ್ದರು, ಅವರ ತಂಗಿಯರು ಮಲಗಿದ್ದರು, ಓಣಿಯ ಹತ್ತಾರು ಕೂಸುಗಳು ಮಲಗಿದ್ದವು. ಬಾಣಂತಿಯ ಮನೆಯವರು ಬಂದು ಕೇಳಿದರೆ ತೊಟ್ಟಿಲನ್ನು ಇಲ್ಲವೆನ್ನುವಂತಿರಲಿಲ್ಲ. ಹಾಗೆ ಮನೆಯಿಂದ ಮನೆಗೆ ಬಿಚ್ಚಿ ಜೋಡಿಸಿ, ಜೋಡಿಸಿ ಬಿಚ್ಚಿ, ಮೂಲೆಗಳು ಸವೆದಿದ್ದವು. ಬಣ್ಣ ಕೆಲವೆಡೆ ಎದ್ದಿತ್ತು. ಈಗ ಮಾಸ್ತರರ ಮಗಳು ತುಂಬು ಬಸುರಿ. ಅಟ್ಟದಿಂದ ತೊಟ್ಟಿಲು ಇಳಿಯಿತು. ಬಣ್ಣವನ್ನು ಹೊಸದು ಮಾಡಿಸಬೇಕೆಂದು ಮನೆಯವರೆಲ್ಲ ಹೇಳಿದರು. ಕಲಘಟಗಿಯ ಚಿತ್ರಗಾರರು ಫೋನಿನಲ್ಲಿ ‘ಎಲ್ಲಾ ಹೊತ್ತು ತರಬ್ಯಾಡ್ರಿ, ಒಂದು ಹಲಗಿ ತೋರಸ್ರಿ ಸಾಕು, ಬುಧವಾರ ಬರ್ರಿ’ ಎಂದಿದ್ದರು.

ಬುಧವಾರಕ್ಕೆ ಇನ್ನೂ ಎರಡು ದಿನಗಳಿದ್ದರೂ ಅವರು ಮೊದಲೇ ಹೊರಟದ್ದಕ್ಕೆ ಬೇರೆ ಕಾರಣವಿತ್ತು. ಮನೆಯಲ್ಲಿ ಅದನ್ನು ಹೇಳಿರಲಿಲ್ಲ. ಎರಡು ವರ್ಷಗಳಿಂದ ಮಾಸ್ತರರು ಶಾಲೆಯ ಕರಿಹಲಗೆಯ ಮೇಲಲ್ಲದೆ ಬೇರೆಲ್ಲಿಯೂ ಒಂದು ಗೆರೆ ಎಳೆದಿರಲಿಲ್ಲ.

ಅದಕ್ಕೆ ಮೊದಲು ಅವರು ಪ್ರತಿ ಭಾನುವಾರ ಊರಿನ ಅಮೃತೇಶ್ವರ ಗುಡಿಯಲ್ಲಿ ಕುಳಿತು ಬರೆಯುತ್ತಿದ್ದರು. ಕಲ್ಯಾಣ ಚಾಲುಕ್ಯರ ಕಾಲದ, ಸುಮಾರು ಕ್ರಿ.ಶ. 1050ರ ಆ ಗುಡಿ ಶಿಲ್ಪದ ಇತಿಹಾಸದಲ್ಲಿ ಒಂದು ತಿರುವು. ಮರಳುಗಲ್ಲನ್ನು ಬಿಟ್ಟು ಮೆದುವಾದ ಬಳಪದ ಕಲ್ಲಿಗೆ ಚಾಲುಕ್ಯ ಶಿಲ್ಪಿಗಳು ಕೈಯಿಟ್ಟ ಮೊದಲ ಗುಡಿಗಳಲ್ಲಿ ಅದು ಪ್ರಮುಖವಾದುದು. ಉಳಿ ಹೇಳಿದಂತೆ ಕೇಳುವ ಆ ಕಲ್ಲಿನಿಂದಲೇ ಮುಂದೆ 1112ರ ಇಟಗಿಯ ಮಹಾದೇವ ದೇವಾಲಯದಂಥ ಸೂಕ್ಷ್ಮ ಕೆಲಸ ಸಾಧ್ಯವಾಯಿತು. ಒಂದು ಕಂಬದ ಸುತ್ತು, ಒಂದು ಕೋಷ್ಠದ ಮೇಲಣ ಗೋಪುರದ ಪ್ರತಿಕೃತಿ, ಒಂದು ಕೀರ್ತಿಮುಖ — ಹೀಗೆ ಮಾಸ್ತರರು ವಾರಕ್ಕೊಂದರಂತೆ ಬರೆದು ಹದಿನೇಳು ಪುಸ್ತಕಗಳನ್ನು ತುಂಬಿಸಿದ್ದರು. ಅವುಗಳಿಂದ ಆಯ್ದ ಮೂವತ್ತು ಹಾಳೆಗಳನ್ನು ಒಮ್ಮೆ ನಗರವೊಂದರ ಪ್ರದರ್ಶನಕ್ಕೆ ಒಯ್ದಾಗ ಆಯ್ಕೆಗೆ ಕುಳಿತವರೊಬ್ಬರು ಎಲ್ಲವನ್ನೂ ತಾಳ್ಮೆಯಿಂದ ನೋಡಿ ಒಂದೇ ಪ್ರಶ್ನೆ ಕೇಳಿದರು: ‘ಕೈ ಚೆನ್ನಾಗಿದೆ. ಆದರೆ ಇದು ಪ್ರತಿ. ಇದರಲ್ಲಿ ನೀವೆಲ್ಲಿದ್ದೀರಿ?’

ಕೇಳಿದವರ ದನಿಯಲ್ಲಿ ಹಗೆಯಿರಲಿಲ್ಲ. ಇದ್ದಿದ್ದರೆ ಮಾಸ್ತರರು ಮರೆಯುತ್ತಿದ್ದರೇನೋ. ಅವರು ಹಾಳೆಗಳನ್ನು ಸುತ್ತಿಕೊಂಡು ಊರಿಗೆ ಬಂದರು. ಮುಂದಿನ ಭಾನುವಾರ ಗುಡಿಗೆ ಹೋದರು. ಪೆನ್ಸಿಲ್ಲು ಹಿಡಿದು ಒಂದು ಗಂಟೆ ಕುಳಿತು ಎದ್ದುಬಂದರು. ಅಷ್ಟೇ.

ಹುಬ್ಬಳ್ಳಿಯಲ್ಲಿ ಅಕ್ಕನ ಮಗಳ ಮನೆ. ಹಲಗೆಯನ್ನು ಮಂಚದ ಕೆಳಗೆ ಸರಿಸಿ, ಮೊದಲ ದಿನ ಮಧ್ಯಾಹ್ನ ಅವರು ರೈಲು ನಿಲ್ದಾಣಕ್ಕೆ ಹೋದರು. ಸಿದ್ಧಾರೂಢ ಸ್ವಾಮಿಗಳ ಹೆಸರನ್ನು ಹೊತ್ತ ಆ ನಿಲ್ದಾಣದಲ್ಲಿ 2023ರಿಂದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. ಜಗತ್ತಿನಲ್ಲೇ ಅತ್ಯಂತ ಉದ್ದವಾದದ್ದೆಂದು ದಾಖಲೆಯಾಗಿದೆ. ಗುಡಿಯಲ್ಲದ, ಹಳೆಯದಲ್ಲದ, ಯಾರ ಪ್ರತಿಯೂ ಅಲ್ಲದ ಏನನ್ನಾದರೂ ಬರೆಯಬೇಕೆಂಬುದು ಅವರ ಎಣಿಕೆ. ಒಂದೂವರೆ ಕಿಲೋಮೀಟರಿನ ಒಂದು ಗೆರೆಯನ್ನು ಒಂಬತ್ತು ಅಂಗುಲದ ಹಾಳೆಗೆ ಇಳಿಸುವುದು ಹೇಗೆ? ಕೊನೆಗೆ ಅವರು ಕಲ್ಲಿನ ಬೆಂಚಿನ ಮೇಲೆ ಕುಳಿತು, ಗಂಟಿಗೆ ತಲೆಯಿಟ್ಟು ಮಲಗಿದ್ದ ಒಬ್ಬ ಮುದುಕಿಯನ್ನು ಬರೆದರು. ಬರೆದು ಮುಗಿಸಿ ನೋಡಿದರೆ ಆಕೆಯ ಮಡಿಸಿದ ಕೈಯ ತಿರುವಿನಲ್ಲಿ ಅಮೃತೇಶ್ವರ ಗುಡಿಯ ಒಂದು ವಿಗ್ರಹದ ಕೈ ಕಂಡಿತು. ಪುಸ್ತಕವನ್ನು ಮುಚ್ಚಿದರು.

ಎರಡನೆಯ ದಿನ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ. ಇದೂ ಚಾಲುಕ್ಯರ ಕಾಲದ್ದೇ. ನಾಲ್ಕೂ ದಿಕ್ಕಿಗೆ ಬಾಗಿಲುಗಳಿರುವ ಈ ಗುಡಿ ಬೆಳೆದ ನಗರದ ನಡುವೆ, ಮನೆಗಳ ಹಿತ್ತಿಲುಗಳ ಒತ್ತಿನಲ್ಲಿ ನಿಂತಿದೆ. ಮಾಸ್ತರರು ಬರೆಯದೆ ಸುತ್ತಿದರು. ಬಾಗಿಲವಾಡದ ಜಾಲಂಧ್ರಗಳ ಮುಂದೆ ಬಹಳ ಹೊತ್ತು ನಿಂತರು. ಈ ಕಲ್ಲನ್ನು ಕಡೆದವನು ಅಣ್ಣಿಗೇರಿಯ ಕಲ್ಲನ್ನು ಕಡೆದವನ ಶಿಷ್ಯನ ಶಿಷ್ಯನಿರಬಹುದು. ಅಥವಾ ಇಬ್ಬರಿಗೂ ಸಂಬಂಧವೇ ಇಲ್ಲದಿರಬಹುದು. ಆದರೆ ಬಳ್ಳಿ ಅದೇ, ಅದರ ಸುತ್ತು ಅದೇ, ಸುತ್ತಿನೊಳಗಿನ ಎಲೆಯೂ ಅದೇ. ಇದರಲ್ಲಿ ಅವನೆಲ್ಲಿದ್ದಾನೆಂದು ಆ ಶಿಲ್ಪಿಯನ್ನು ಯಾರೂ ಕೇಳಿದಂತಿಲ್ಲ. ಹೀಗೆ ತೋರಿದ್ದು ಅವರಿಗೆ ಸಮಾಧಾನವನ್ನೇನೂ ಕೊಡಲಿಲ್ಲ. ಅವನು ಶಿಲ್ಪಿ, ತಾನು ಅವನ ಕೆಲಸವನ್ನು ಹಾಳೆಗೆ ಇಳಿಸುವವನು, ಪ್ರತಿಯ ಪ್ರತಿ.

ಬುಧವಾರ ಬೆಳಿಗ್ಗೆ ಕಾರವಾರ ರಸ್ತೆಯ ಬಸ್ಸು ಹಿಡಿದು ಅವರು ಕಲಘಟಗಿಯಲ್ಲಿ ಇಳಿದರು. ಚಿತ್ರಗಾರರ ಮನೆಯ ಮುಂದಿನ ಪಡಸಾಲೆಯೇ ಕೆಲಸದ ಜಾಗ. ಗೋಡೆಗೆ ಒರಗಿಸಿದ ಕಾಲುಗಳು, ಬಣ್ಣ ಕಾಣದ ಹಲಗೆಗಳು, ಅರಗಿನ ವಾಸನೆ. ಅಂಗಳದಲ್ಲಿ ಮುಗಿದ ತೊಟ್ಟಿಲೊಂದು ಸಾಗಿಸಲು ಕಾದಿತ್ತು: ಕೆಂಪು ನೆಲದ ಮೇಲೆ ಹಳದಿ, ಹಸಿರು, ಕಪ್ಪು. ಒಂದು ಪಕ್ಕ ರಾಮಾಯಣ, ಇನ್ನೊಂದು ಪಕ್ಕ ಬಾಲಕೃಷ್ಣ. ಚಿತ್ರಗಾರರಿಗೆ ಎಪ್ಪತ್ತರ ಸಮೀಪ. ಅವರು ಹಲಗೆಯ ಮೇಲಿನ ಜಮಖಾನೆ ಬಿಚ್ಚಿದರು. ಕನ್ನಡಕ ಹಾಕಿಕೊಳ್ಳಲಿಲ್ಲ, ಬದಲಿಗೆ ಹೆಬ್ಬೆರಳಿನಿಂದ ಒಮ್ಮೆ ಮೇಲಿನಿಂದ ಕೆಳಗೆ ಸವರಿದರು.

‘ಇದು ನಮ್ಮ ಅಜ್ಜನ ಕೈ’ ಎಂದರು.

ಹಲಗೆಯ ಮೇಲೆ ಕೊಳಲೂದುವ ಕೃಷ್ಣ, ಬದಿಯಲ್ಲಿ ಒಂದು ಆಕಳು, ಎರಡು ಗಿಳಿ, ಅಂಚಿಗೆ ಬಳ್ಳಿ. ಕಲಘಟಗಿಯ ತೊಟ್ಟಿಲುಗಳಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರ. ಎಲ್ಲಿಯೂ ಹೆಸರಿಲ್ಲ, ಇಸವಿಯಿಲ್ಲ. ಹೇಗೆ ಗೊತ್ತಾಯಿತೆಂದು ಮಾಸ್ತರರು ಕೇಳಿದರು. ಚಿತ್ರಗಾರರು ಉತ್ತರಿಸದೆ ಅವರ ಚೀಲದತ್ತ ನೋಡಿದರು. ‘ನೀವೂ ಬರಿಯೋರಂತಲ್ರಿ. ತೋರಸ್ರಿ.’

ಪುಸ್ತಕದಲ್ಲಿ ಹೊಸದಾಗಿದ್ದವು ಎರಡೇ ಚಿತ್ರಗಳು. ಒಂದು ನಿಲ್ದಾಣದ ಮುದುಕಿ. ಇನ್ನೊಂದು, ಹಿಂದಿನ ರಾತ್ರಿ ನಿದ್ದೆ ಬಾರದೆ ಮಂಚದ ಕೆಳಗಿನ ಹಲಗೆಯನ್ನು ಹೊರಗೆಳೆದು, ಎರಡು ವರ್ಷಗಳ ಶಪಥವೇನೂ ನೆನಪಾಗದೆ, ಅದನ್ನೇ ನೋಡಿ ಬರೆದದ್ದು. ಚಿತ್ರಗಾರರು ಮೊದಲನೆಯದನ್ನು ಮೆಚ್ಚಿದರು. ಎರಡನೆಯದನ್ನು ಹಲಗೆಯ ಪಕ್ಕಕ್ಕಿಟ್ಟು ಬಹಳ ಹೊತ್ತು ನೋಡಿದರು.

‘ಮಾಸ್ತರ, ಆಕಳ ಬಾಲಕ್ಕ ಎರಡು ಸುತ್ತು ಐತಿ. ನೀವು ಒಂದ ಹಾಕೀರಿ.’

ಮಾಸ್ತರರು ಬಗ್ಗಿ ನೋಡಿದರು. ನಿಜ. ಹಲಗೆಯ ಮೇಲಿನ ಆಕಳ ಬಾಲ ಕೊನೆಯಲ್ಲಿ ಎರಡು ಬಾರಿ ಸುತ್ತಿಕೊಂಡಿತ್ತು. ಆಕಳ ಬಾಲ ಎಂದೂ ಹಾಗೆ ಸುತ್ತುವುದಿಲ್ಲ. ಇಪ್ಪತ್ತೈದು ವರ್ಷ ಮಕ್ಕಳ ಚಿತ್ರಗಳನ್ನು ತಿದ್ದಿದ ಕೈ ಕಣ್ಣಿಗೂ ಹೇಳದೆ ಅದನ್ನು ತಿದ್ದಿಬಿಟ್ಟಿತ್ತು.

ಚಿತ್ರಗಾರರು ಆಗ ಮೊದಲಿನ ಪ್ರಶ್ನೆಗೆ ಉತ್ತರ ಕೊಟ್ಟರು. ಅಜ್ಜ ಯಾವಾಗಲೋ ಒಮ್ಮೆ ಬಾಲ ಬರೆಯುವಾಗ ಕೈ ಜಾರಿ ಒಂದು ಸುತ್ತು ಹೆಚ್ಚಾಯಿತಂತೆ. ಬಣ್ಣ ಒಣಗಿತ್ತು, ತೊಟ್ಟಿಲು ಹೋಗಬೇಕಾಗಿತ್ತು, ಬಿಟ್ಟರು. ಮುಂದೆ ಅದೇ ರೂಢಿಯಾಯಿತು. ಅಪ್ಪ ಹಾಗೆಯೇ ಕಲಿತರು, ಆದರೆ ಅವರ ಸುತ್ತು ಬಿಗಿ; ತಮ್ಮದು ಸಡಿಲ. ಬೇರೆ ಮನೆಯ ಕೆಲಸಗಾರರು ಬಾಲವನ್ನು ನೆಟ್ಟಗೆ ಇಳಿಬಿಡುತ್ತಾರೆ. ‘ಎರಡು ಸುತ್ತು ಇದ್ರ ನಮ್ಮ ಮನೀದು. ದೊಡ್ಡ ಸುತ್ತು ಮ್ಯಾಲ ಇದ್ರ ಅಜ್ಜಂದು.’

ಹಸ್ತಪ್ರತಿಗಳೊಡನೆ ಬದುಕಿದವರಿಗೆ ಈ ಮಾತು ಹೊಸದಲ್ಲ. ಗ್ರಂಥಸಂಪಾದನೆಯ ಮೊದಲ ಪಾಠವೇ ಅದು: ಎರಡು ಓಲೆಪ್ರತಿಗಳಲ್ಲಿ ಸರಿಯಾದ ಪಾಠ ಒಂದೇ ಆಗಿದ್ದರೆ ಅದರಿಂದ ಅವುಗಳ ಸಂಬಂಧ ತಿಳಿಯುವುದಿಲ್ಲ, ಒಂದೇ ತಪ್ಪು ಎರಡರಲ್ಲಿಯೂ ಇದ್ದರೆ ಅವು ಒಂದೇ ಮೂಲದವೆಂದು ತಿಳಿಯುತ್ತದೆ. ಲಿಪಿಕಾರನ ಕೈ ಜಾರಿದಲ್ಲಿ ವಂಶವೃಕ್ಷ ಚಿಗುರುತ್ತದೆ. ಆದ್ದರಿಂದಲೇ ತನಗೆ ತಿಳಿಯದ ಪದವನ್ನು ಹಾಗೆಯೇ ಬರೆದಿಟ್ಟ ಲಿಪಿಕಾರನಿಗಿಂತ, ತಿಳಿದವನಂತೆ ತಿದ್ದಿ ಬರೆದ ಜಾಣ ಲಿಪಿಕಾರನಿಂದ ಸಂಪಾದಕನಿಗೆ ಹೆಚ್ಚು ತೊಂದರೆ. ಮಾಸ್ತರರು ಆ ರಾತ್ರಿ ಜಾಣ ಲಿಪಿಕಾರರಾಗಿದ್ದರು.

ಅಣ್ಣಿಗೇರಿಯಿಂದ ಪೂರ್ವಕ್ಕೆ ಗದಗ ದಾಟಿದರೆ ಲಕ್ಕುಂಡಿ. ಅಲ್ಲಿ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. 993ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದ ರನ್ನ ಆಕೆಯ ದಾನವನ್ನು ಕೊಂಡಾಡಿದ. ಪೊನ್ನನ ಹೆಸರು ಉಳಿಯಿತು, ರನ್ನನ ಹೆಸರು ಉಳಿಯಿತು, ದಾನಚಿಂತಾಮಣಿಯ ಹೆಸರು ಉಳಿಯಿತು. ಸಾವಿರ ಸಲ ಅದೇ ಕಾವ್ಯವನ್ನು ಕಂಠದಿಂದ ಓಲೆಗೆ ಕೊರೆದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಕಾಪಾಡಿದ 12ನೆಯ ಶತಮಾನದ ಧವಲಾ ಗ್ರಂಥಗಳ ತಾಳೆಗರಿಗಳಲ್ಲಿ ಯಕ್ಷ, ಯಕ್ಷಿ, ಜಿನರ ಬಣ್ಣದ ಚಿತ್ರಗಳಿವೆ. ಕರ್ನಾಟಕದ ಚಿತ್ರಕಲೆಯ ಚರಿತ್ರೆ ಅವುಗಳನ್ನು ಬಿಟ್ಟು ಸಾಗುವುದಿಲ್ಲ. ಆ ಚಿತ್ರಗಳನ್ನು ಬರೆದವನೂ ಹೆಸರಿಲ್ಲದೆ ಹೋದ. ಸೃಷ್ಟಿ ಮೇಲು, ಪ್ರತಿ ಕೀಳು ಎಂಬ ಲೆಕ್ಕವನ್ನು ಇಟ್ಟುಕೊಂಡು ಈ ನಾಡಿನ ಸಾಹಿತ್ಯವನ್ನು ನೋಡಿದರೆ, ಸಾಹಿತ್ಯವನ್ನು ಉಳಿಸಿದವರೆಲ್ಲ ಕೀಳಾಗುತ್ತಾರೆ. ಒಂದು ಮಾತು ಮಾತ್ರ ನಿಜ. ಪ್ರತಿ ಮಾಡಿದವರೆಲ್ಲರೂ ಒಂದೇ ಅಲ್ಲ. ಕಣ್ಣಿಟ್ಟು ಮಾಡಿದ ಪ್ರತಿ, ಕೈಚಳಕಕ್ಕೆ ಮಾಡಿದ ಪ್ರತಿ, ಕೂಲಿಗೆ ಮಾಡಿದ ಪ್ರತಿ ಬೇರೆ ಬೇರೆ. ಅವುಗಳ ಅಂತರವನ್ನು ಅಳೆಯಲು ಹೆಸರು ನೆರವಾಗುವುದಿಲ್ಲ, ಗೆರೆಯನ್ನೇ ನೋಡಬೇಕು.

ಮಾಸ್ತರರು ಅಂಗಳದ ಹೊಸ ತೊಟ್ಟಿಲನ್ನು ತೋರಿಸಿ, ಇಷ್ಟೆಲ್ಲ ಬರೆದೂ ಹೆಸರೇಕೆ ಹಾಕುವುದಿಲ್ಲವೆಂದು ಕೇಳಿದರು. ಪ್ರಶ್ನೆ ಚಿತ್ರಗಾರರಿಗೋ ತಮಗೋ, ಅವರಿಗೇ ಸ್ಪಷ್ಟವಿರಲಿಲ್ಲ.

ಚಿತ್ರಗಾರರು ನಕ್ಕರು. ‘ಕೂಸಿಗೆ ಓದಾಕ ಬರತೈತೇನ್ರಿ?’ ಎಂದು, ಸ್ವಲ್ಪ ತಡೆದು, ‘ಖರೇ ಹೇಳಬೇಕಂದ್ರ ಚಿತ್ರ ಕೂಸಿಗೂ ಅಲ್ರಿ. ಕೂಸು ಒಳಗ ಮಲಗಿರತೈತಿ, ಹೊರಗಿನ ಹಲಗಿ ಅದಕ್ಕೆಲ್ಲಿ ಕಾಣತೈತಿ? ಚಿತ್ರ ಇರೋದು ತೂಗುವಾಕಿಗೆ. ನಡುರಾತ್ರ್ಯಾಗ ಎದ್ದು ಕುಂದರೋದು ಆಕಿನ. ಒಬ್ಬಾಕಿ, ಒಂದು ಚಿಮಣಿ, ಮುಂದ ಈ ಹಲಗಿ. ಕೃಷ್ಣನ್ನ ನೋಡತಾಳ, ಆಕಳ ನೋಡತಾಳ, ಬಳ್ಳಿ ಎಲ್ಲಿ ಶುರು ಆತು, ಎಲ್ಲಿ ಮುಗೀತು ಅಂತ ಹುಡುಕತಾಳ. ಅಲ್ಲಿ ನನ್ನ ಹೆಸರು ಬರದ್ರ ಆಕೀ ಕಣ್ಣು ಹೆಸರಿಗೆ ಬಡೀತೈತಿ’ ಎಂದರು.

ಮಾಸ್ತರರಿಗೆ ತಾಯಿಯ ನೆನಪಾಯಿತು. ಎರೆಹೊಲದ ಊರಿಗೆ ಬಂದ ಹದಿನೆಂಟರ ಹುಡುಗಿ, ತನ್ನ ತವರಿನ ಕಡೆಯ ಗಿಡಮರ, ಬಳ್ಳಿ, ಹಸಿರನ್ನೆಲ್ಲ ಆ ಒಂದು ಹಲಗೆಯ ಮೇಲೆ ಎಷ್ಟು ರಾತ್ರಿ ನೋಡಿರಬೇಕು. ಮಾಸ್ತರರು ಚಿತ್ರಕಲೆಯತ್ತ ಹೊರಳಿದ್ದು ಯಾರಿಂದ ಎಂದು ಕೇಳಿದವರಿಗೆಲ್ಲ ಅವರು ಶಾಲೆಯ ಗುರುಗಳ ಹೆಸರು ಹೇಳುತ್ತಿದ್ದರು. ಆ ದಿನ ಮೊದಲ ಬಾರಿಗೆ ಬೇರೊಂದು ಉತ್ತರವೂ ಇರಬಹುದೆಂದು ಅವರಿಗೆ ತೋರಿತು.

ಆಮೇಲೆ ವ್ಯವಹಾರದ ಮಾತು. ಮೂಲೆ ಬಿಗಿ ಮಾಡಿ ಹೊಸ ಬಣ್ಣ ಕೊಡಲು ಚಿತ್ರಗಾರರು ಒಪ್ಪಿದರು. ಆದರೆ ಕೂಡಲೇ ಅಲ್ಲ. ‘ನಾ ಇದರ ಮ್ಯಾಲ ಬಣ್ಣ ಹಚ್ಚಿದೆ ಅಂದ್ರ ಅಜ್ಜನ ಗೆರಿ ಹೋತು. ಅಜ್ಜನ ಕೈದು ಈಗ ನಮ್ಮ ಮನ್ಯಾಗೂ ಒಂದಿಲ್ಲ. ಎಲ್ಲಾ ಮಾರಿದ್ದ. ನನ್ನ ಮಗ ಹುಬ್ಬಳ್ಳ್ಯಾಗ ಕಂಪನಿ ಕೆಲಸಕ್ಕ ಹೋಗತಾನ. ಆಯಿತವಾರಕ್ಕೊಮ್ಮೆ ಬಂದು ಕುಂದರತಾನ. ಅವಗ ತೋರಸಾಕ ಏನೂ ಉಳದಿಲ್ಲ. ಮಾಸ್ತರ, ನಾಕೂ ಪಕ್ಕದ ಹಲಗಿ ನೀವು ಇದ್ದಂಗ ಬರಕೊಡ್ರಿ. ಅಳತಿ ಹಿಡದು. ನಾ ಅದನ್ನ ಮುಂದಿಟಗೊಂಡು ಬಣ್ಣ ಹಾಕತೀನಿ. ಹಾಳಿ ನನ್ನ ಹತ್ರ ಇರಲಿ.’ ಒಂದು ಗಳಿಗೆ ಬಿಟ್ಟು ಮತ್ತೆ ಹೇಳಿದರು: ‘ತಿದ್ದಬ್ಯಾಡ್ರಿ ಮತ್ತ.’

ಹದಿನೇಳು ಪುಸ್ತಕಗಳನ್ನು ತುಂಬಿಸಿದ ಮಾಸ್ತರರನ್ನು ಯಾರಾದರೂ ಒಂದು ಚಿತ್ರ ಬೇಕೆಂದು ಕೇಳಿದ್ದು ಅದೇ ಮೊದಲು. ಅದೂ ಪ್ರತಿ ಬೇಕೆಂದು ಕೇಳಿದ್ದು.

ಅವರು ಮಧ್ಯಾಹ್ನದ ಬಸ್ಸಿಗೆ ಹೊರಡಲಿಲ್ಲ. ಚಿತ್ರಗಾರರ ಮನೆಯಲ್ಲಿ ರೊಟ್ಟಿ ಊಟ ಮಾಡಿ, ಪಡಸಾಲೆಯಲ್ಲಿ ಹಲಗೆಯನ್ನು ಎದುರಿಗಿಟ್ಟುಕೊಂಡು ಮತ್ತೆ ಬರೆಯಲು ಕುಳಿತರು. ಒಬ್ಬರು ಕೃಷ್ಣನ ಕಣ್ಣನ್ನು ಹಾಳೆಗೆ ಇಳಿಸುತ್ತಿದ್ದರೆ ಇನ್ನೊಬ್ಬರು ಬೇರೊಂದು ತೊಟ್ಟಿಲಿಗೆ ಅದೇ ಕಣ್ಣನ್ನು ಬರೆಯುತ್ತಿದ್ದರು. ಮಾತು ಹೆಚ್ಚಿರಲಿಲ್ಲ. ನಡುವೆ ಒಮ್ಮೆ ಚಿತ್ರಗಾರರು ಇತ್ತೀಚೆಗೆ ಜನ ಕಬ್ಬಿಣದ ಜಾಲರಿ ತೊಟ್ಟಿಲು ಒಯ್ಯುವುದನ್ನು ಹೇಳಿದರು. ದೂರಿನ ದನಿಯಲ್ಲಲ್ಲ, ಈ ವರ್ಷ ಮಳೆ ತಡವೆಂದು ಹೇಳುವಂತೆ. ನಡುವೆ ಒಮ್ಮೆ ಮಾಸ್ತರರು ಆ ಪ್ರದರ್ಶನದ ಪ್ರಶ್ನೆಯನ್ನು ಹೇಳಿಕೊಂಡರು. ಚಿತ್ರಗಾರರು ಕುಂಚವನ್ನು ಎತ್ತದೆಯೇ, ‘ಕೇಳಿದ್ದು ತಪ್ಪಲ್ಲ ಬಿಡ್ರಿ. ನೀವು ಇರೋದು ಬಾಲದಾಗ’ ಎಂದರು. ಇಬ್ಬರೂ ನಕ್ಕರು.

ಅದು ನಗೆಮಾತಾದರೂ ಅದರೊಳಗೆ ಉತ್ತರವಿತ್ತು. ಒಂದೇ ಸುತ್ತಿನ ಬಾಲ ಮಾಸ್ತರರದು. ಆ ಗೆರೆಯಲ್ಲಿ ಅವರ ಇಪ್ಪತ್ತೈದು ವರ್ಷಗಳ ಕರಿಹಲಗೆ ಇತ್ತು. ಹಾಗೆ ನೋಡಿದರೆ ಮನುಷ್ಯ ತನ್ನ ಕೆಲಸದಲ್ಲಿ ಇಲ್ಲದಿರುವುದು ಸಾಧ್ಯವೇ ಇಲ್ಲ, ಬೇಡವೆಂದರೂ ಬಂದುಬಿಡುತ್ತಾನೆ. ಕಷ್ಟವಿರುವುದು ಸರಿದು ನಿಲ್ಲುವುದರಲ್ಲಿ. ಜಿನವಲ್ಲಭ ಬೆಟ್ಟದ ಮೇಲೆ ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಕಡೆಯಿಸಿ, ಅದರ ಕೆಳಗೆ ಅಣ್ಣನ ಕೀರ್ತಿಯನ್ನೂ ತಾಯಿಯ ತವರನ್ನೂ ಬರೆಯಿಸಿದ. ಅವನೂ ಕವಿತೆ ಬಲ್ಲವನೇ. ಆದರೂ ಕನ್ನಡ ಅವನನ್ನು ನೆನೆಯುವುದು ಅಣ್ಣನನ್ನು ದಾಖಲಿಸಿದವನೆಂದು. ಆ ದಾಖಲೆ ಇಲ್ಲದಿದ್ದರೆ ಅಣ್ಣಿಗೇರಿಗೆ ಪಂಪನಿಲ್ಲ.

ಮಾಸ್ತರರು ಊರಿಗೆ ಮರಳಿ ದೀಪಾವಳಿಯವರೆಗೆ ಉಳಿದ ಮೂರು ಹಲಗೆಗಳನ್ನೂ ಬರೆದರು. ಭೂತಗನ್ನಡಿ ಹಿಡಿದು, ಬಣ್ಣ ಎದ್ದುಹೋದ ಕಡೆ ಗೆರೆಯನ್ನು ಊಹಿಸಿ ಎಳೆಯದೆ ಜಾಗವನ್ನು ಖಾಲಿ ಬಿಟ್ಟರು. ಗೆದ್ದಲು ಹಿಡಿದ ಓಲೆಯನ್ನು ಪ್ರತಿ ಮಾಡುವವರು ತುಂಡಾದ ಅಕ್ಷರಗಳ ಜಾಗವನ್ನು ಬಿಡುವಂತೆ. ಒಂದು ಸಂಜೆ ಮಗಳು ಬಾಗಿಲಿಗೆ ಒರಗಿ ನಿಂತು ನೋಡಿ, ‘ಅಪ್ಪಾ, ಆಕಳ ಬಾಲ ಹಿಂಗ್ಯಾಕ? ಎರಡು ಸುತ್ತು?’ ಎಂದು ಕೇಳಿದಳು.

ಮಾಸ್ತರರು ಪೆನ್ಸಿಲ್ಲಿನ ಮೊನೆಯನ್ನು ಒರೆಸಿ, ‘ಹಂಗ ಐತಿ’ ಎಂದರು. ಮತ್ತೆ ಬರೆಯಲು ಬಗ್ಗಿದರು.